ಓಡುವ ಹಿರಿಯರು, ಕೂರಿಸುವ ಮಕ್ಕಳು

ನಮ್ಮ ಸಂಘದ ಸಮಾರಂಭಗಳಲ್ಲಿ ಎಪ್ಪತ್ತು ದಾಟಿದವರಿಗೆಂದೇ ಮೀಸಲಾದ ಕುರ್ಚಿಯೊಂದಿರುತ್ತದೆ. ಅದರಲ್ಲಿ ಅವರನ್ನು ಕೂರಿಸಿ, ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಕೈಮುಗಿಯುತ್ತೇವೆ. ಈ ಗೌರವದಲ್ಲಿ ಕಪಟವಿಲ್ಲ. ಆದರೆ ಹಿರಿಯರಿಗೆ ನಾವು ಕೊಡಬಹುದಾದದ್ದು ಕುರ್ಚಿಯೊಂದೇ ಎಂದು ಭಾವಿಸಿದೊಡನೆ ಆ ಗೌರವವೇ ಒಂದು ಬಗೆಯ ಬಂಧನವಾಗುತ್ತದೆ. ಈ ಮಾತನ್ನು ಅನ್ಯರ ಮೇಲಿನ ಆರೋಪವಾಗಿ ಅಲ್ಲ, ನನ್ನ ತಪ್ಪೊಪ್ಪಿಗೆಯಾಗಿ ಬರೆಯುತ್ತಿದ್ದೇನೆ.

ನನ್ನ ಅಪ್ಪಯ್ಯ 1962ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಬ್ಯಾಂಕಿನ ಗುಮಾಸ್ತರಾದರು. ಈ ನಗರದ ರಾತ್ರಿಶಾಲೆಗಳು ರೂಪಿಸಿದ ಒಂದು ತಲೆಮಾರಿನ ಕಥೆಯೇ ಇದು. 2008ರಲ್ಲಿ ನಿವೃತ್ತರಾದ ಬಳಿಕ ಮಾಟುಂಗದ ಫೈವ್ ಗಾರ್ಡನ್ಸ್ ಸುತ್ತ ನಡೆಯತೊಡಗಿದವರು ಕ್ರಮೇಣ ಓಡತೊಡಗಿದರು. 2004ರಲ್ಲಿ ಆರಂಭವಾದ ಮುಂಬಯಿ ಮ್ಯಾರಥಾನಿನ 42.195 ಕಿಲೋಮೀಟರುಗಳನ್ನು 2012ರಲ್ಲಿ ಮೊದಲ ಬಾರಿಗೆ ಪೂರೈಸಿ, ಹಳಬರು ಇಂದಿಗೂ ವಿ.ಟಿ. ಎನ್ನುವ ನಿಲ್ದಾಣದ ಬಳಿ ನಗುತ್ತ ನಿಂತಿದ್ದರು.

ಅನಂತರ ವಿಘ್ನಗಳು ಬಂದವು. 2019ರಲ್ಲಿ ಫುಟ್‌ಪಾತಿನ ಕಿತ್ತುಹೋದ ಕಲ್ಲಿಗೆ ಎಡವಿ ಮೊಣಕಾಲ ಚಿಪ್ಪು ಒಡೆಯಿತು. 2022ರಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅಳವಡಿಸಬೇಕಾಯಿತು. ಅವರು ಆಸ್ಪತ್ರೆಯಿಂದ ಮರಳಿದ ದಿನವೇ ನಾನು ಅವರ ಬೂಟುಗಳನ್ನು ಅಟ್ಟದ ಮೇಲೆ ಹಳೆಯ ಪೆಟ್ಟಿಗೆಗಳ ಹಿಂದೆ ಅಡಗಿಸಿಟ್ಟೆ. ಅವರು ಕೇಳಲೇ ಇಲ್ಲ. ಮೆಲ್ಲನೆ ನಡೆಯಬಹುದೆಂದು ವೈದ್ಯರು ಹೇಳಿದ ಮರುದಿನ ರಬ್ಬರ್ ಚಪ್ಪಲಿಯಲ್ಲೇ ಹೊರಟರು. ಬಾಗಿಲಿಗೆ ಅಡ್ಡ ನಿಂತ ನನಗೆ, “ಕಾಲ್ ನಂದಲ್ದಾ ಮಗಾ?” ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಕ್ಕರೆಯೆಂದು ನಾನು ಕರೆಯುತ್ತಿದ್ದುದರಲ್ಲಿ ಅರ್ಧಪಾಲು ನನ್ನ ಭಯವೇ ಆಗಿತ್ತು. ಅವರಿಗೆ ಏನಾದರೂ ಆದರೆ ನಾಳೆ ನಾನು ಲೋಕಕ್ಕೆ ಏನು ಹೇಳಲಿ ಎಂಬ ಭಯ.

ಪಾಸ್‌ಪೋರ್ಟಿನ ಪ್ರಕಾರ 1911ರಲ್ಲಿ ಹುಟ್ಟಿದ, ಜಲಂಧರದ ಬಳಿಯ ಹಳ್ಳಿಯ ರೈತ ಫೌಜಾ ಸಿಂಗ್ ಅವರನ್ನು ಇಲ್ಲಿ ನೆನೆಯಬೇಕು. ಎಳವೆಯಲ್ಲಿ ನಡೆಯಲಾರದಿದ್ದ ಅವರು, 1994ರಲ್ಲಿ ಮಗನನ್ನು ಕಳೆದುಕೊಂಡ ದುಃಖದಿಂದ ಮೇಲೇಳಲು ಓಟವನ್ನು ಹಿಡಿದರು. 2000ದಲ್ಲಿ, 89ನೆಯ ವಯಸ್ಸಿನಲ್ಲಿ ಲಂಡನ್ ಮ್ಯಾರಥಾನ್ ಓಡಿದರು; 2011ರಲ್ಲಿ, ನೂರರ ಹರೆಯದಲ್ಲಿ ಟೊರಾಂಟೊದ ಮ್ಯಾರಥಾನನ್ನು ಎಂಟು ಗಂಟೆಗಳಿಗೆ ತುಸು ಮೀರಿದ ಅವಧಿಯಲ್ಲಿ ಮುಗಿಸಿದರು. ಜನನ ಪ್ರಮಾಣಪತ್ರವಿಲ್ಲವೆಂಬ ಕಾರಣಕ್ಕೆ ಗಿನ್ನೆಸ್ ಅದನ್ನು ದಾಖಲಿಸಲಿಲ್ಲ. ಆ ಹಿರಿಯರನ್ನು ಕೊನೆಗೆ ಕೊಂದದ್ದು ಓಟವಲ್ಲ. 2025ರ ಜುಲೈ 14ರಂದು ತಮ್ಮ ಊರಿನಲ್ಲೇ ರಸ್ತೆ ದಾಟುತ್ತಿದ್ದಾಗ ವಾಹನವೊಂದು ಬಡಿದು ತೀರಿಕೊಂಡರು. ನನ್ನ ಅಪ್ಪಯ್ಯನ ಮೊಣಕಾಲು ಒಡೆದದ್ದೂ ವಯಸ್ಸಿನಿಂದಲ್ಲ, ಫುಟ್‌ಪಾತಿನಿಂದ. ದಾರಿಯನ್ನು ಸರಿಪಡಿಸಲು ಒತ್ತಾಯಿಸದ ನಾವು ನಡೆಯುವವರನ್ನೇ ಮನೆಯೊಳಗೆ ಕೂರಿಸುತ್ತೇವೆ. ಇದು ಯಾವ ನ್ಯಾಯ?

ಹಾಗೆಂದು ಹಟವೇ ಸದ್ಗುಣವೆಂದು ನನ್ನ ವಾದವಲ್ಲ. ಸ್ಟೆಂಟ್ ಹಾಕಿದ ಹೃದಯ ಛಲಕ್ಕೆ ಮಣಿಯುವಂಥದ್ದಲ್ಲ. 65 ದಾಟಿದವರೂ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮ್ಯಾರಥಾನ್ ಓಡಬೇಕೆಂದು ಹೇಳಿಲ್ಲ. ಆ ಎರಡರ ನಡುವಣ ಅಂತರವನ್ನು ಅಳೆಯಬೇಕಾದವರು ವೈದ್ಯರು. ಅವರು ಪರೀಕ್ಷೆಗಳನ್ನು ನಡೆಸಿ, ಅರ್ಧ ಮ್ಯಾರಥಾನ್ ಸಾಕು, ಎದೆ ಬಿಗಿದರೆ ತಕ್ಷಣ ನಿಲ್ಲಬೇಕು ಎಂದರು. ನನ್ನ ಅಡ್ಡಿಯನ್ನು ಲೆಕ್ಕಿಸದ ಅಪ್ಪಯ್ಯ ಈ ಕಟ್ಟಳೆಯನ್ನು ಮರುಮಾತಿಲ್ಲದೆ ಒಪ್ಪಿದರು. ನಿಷೇಧಕ್ಕೂ ವಿವೇಕಕ್ಕೂ ಇರುವ ವ್ಯತ್ಯಾಸವನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು.

ಬೂಟುಗಳನ್ನು ಅಟ್ಟದಿಂದ ನಾನೇ ಇಳಿಸಿಕೊಟ್ಟೆ. 2024ರ ಜನವರಿಯಲ್ಲಿ ಪೆಡ್ಡರ್ ರೋಡಿನ ಏರಿನಲ್ಲಿ ಅವರ ಸಮಯ ಮೀರಿತು. ಹಿಂದುಳಿದವರನ್ನು ಹತ್ತಿಸಿಕೊಳ್ಳುವ ಬಸ್ಸು ಅವರನ್ನೂ ಹತ್ತಿಸಿಕೊಂಡಿತು. ಇಳಿದು ಬಂದವರ ಮುಖದಲ್ಲಿ ನಾನು ಸೋಲನ್ನು ಹುಡುಕಿದೆ, ಕಂಡದ್ದು ಹಸಿವು. ಇಡ್ಲಿ ತಿನ್ನುತ್ತಲೇ ಮುಂದಿನ ವರ್ಷ ಎಲ್ಲಿ ವೇಗ ಹೆಚ್ಚಿಸಬೇಕೆಂದು ಲೆಕ್ಕ ಹಾಕತೊಡಗಿದ್ದರು. ಮರುವರ್ಷ ಓಟ ಮುಗಿಸಿದರು.

ಈಗ ಮತ್ತೆ ಪೂರ್ಣ ಮ್ಯಾರಥಾನಿನ ಮಾತೆತ್ತಿದ್ದಾರೆ. ತೀರ್ಮಾನ ಅವರದು ಮತ್ತು ಅವರ ವೈದ್ಯರದು. ನನ್ನ ಅಭಿಪ್ರಾಯವನ್ನು, ಅವರು ಕೇಳಿದರೆ ಹೇಳುತ್ತೇನೆ. ನಮ್ಮ ಸಂಘದಲ್ಲಿಯೂ ಹಿರಿಯರಿಗೆ ಕುರ್ಚಿ ಇರಲಿ, ಅದು ಬೇಕಾದವರು ಹಲವರಿದ್ದಾರೆ. ಆದರೆ ಕೂರಿಸುವ ಮುನ್ನ, ಕೂರುತ್ತೀರಾ ಎಂದು ಒಮ್ಮೆ ಕೇಳೋಣ.