ಮಾದರಿ ವಿಮಾನಕ್ಕೆ ಇಸ್ತ್ರಿಯ ಹೊದಿಕೆ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳು ತೊಗರಿಗೂ ಬಿಳಿಜೋಳಕ್ಕೂ ಹೆಸರಾದವು. ಹಿಂಗಾರಿ ಜೋಳದ ಸುಗ್ಗಿಯಾದ ಬಳಿಕ ಹೊಲದಲ್ಲಿ ಉಳಿದ ದಂಟನ್ನಾಯ್ದು, ಬೆಂಡಿನಿಂದ ಗಾಲಿಯನ್ನೂ ಸಿಪ್ಪೆಯ ಸೀಳಿನಿಂದ ನೊಗವನ್ನೂ ಮಾಡಿ ಆಟದ ಬಂಡಿ ಕಟ್ಟುವದು ಈ ಸೀಮೆಯ ಹುಡುಗರಿಗೆ ಯಾರೂ ಕಲಿಸದೆ ಬಂದ ವಿದ್ಯೆ. ಅವರ ಕೈಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಬೆಂಡು ಬಲು ಹಗುರ. ಆದರೆ ಸಿಪ್ಪೆ ಸುಲಿದೊಡನೆ ಅದು ಎರಡು ಬೆರಳುಗಳ ನಡುವೆ ಮುರಿಯುತ್ತದೆ. ದಂಟು ಗಾಳಿಗೆ ಬಾಗಿಯೂ ನಿಂತಿರುವದು ಹೆಚ್ಚಾಗಿ ಹೊರಮೈಯ ಬಲದಿಂದ.

ವಿಮಾನದ ರೆಕ್ಕೆಯ ಗುಟ್ಟೂ ಇದೇ ಆಗಿದೆ. ಬೀದರಿನಲ್ಲಿ ವಾಯುಸೇನೆಯ ನೆಲೆ ಇದೆ. ಕಲಬುರಗಿಯ ವಿಮಾನ ನಿಲ್ದಾಣವು 2019ನೆಯ ಇಸವಿಯ ನವೆಂಬರ 22ರಂದು ತೆರೆಯಿತು. ಹೀಗಿರುವಾಗ ದಂಟಿನ ಬಂಡಿ ಕಟ್ಟಿದ ಹುಡುಗನು ಮುಂದೆ ಹಾರುವ ಮಾದರಿಯನ್ನು ಕಟ್ಟಲು ಬಯಸಿದರೆ ಸೋಜಿಗವೇನು? ಅಂಥ ಮಕ್ಕಳಿರುವ ಮನೆಯವರಿಗಾಗಿ ಈ ಸಲ ರೆಕ್ಕೆಗೆ ಹೊದಿಕೆ ಹಾಕುವ ಕ್ರಮವನ್ನು ವಿವರಿಸುತ್ತೇವೆ. ಹೊದಿಕೆಯೆಂದರೆ ಬಣ್ಣದ ಅಲಂಕಾರವೆಂದು ಹಲವರು ಬಗೆಯುತ್ತಾರೆ. ಅದು ರೆಕ್ಕೆಯ ಒಂದು ಅಂಗವೇ ಸರಿ. ತಿಂಗಳುಗಟ್ಟಲೆ ಕುಳಿತು ಮಾಡಿದ ಕೆಲಸವು ಮೊದಲ ಹಾರಾಟದಲ್ಲಿ ಉಳಿಯುವದೋ ಮುರಿಯುವದೋ ಎಂಬುದು ಬಹುಮಟ್ಟಿಗೆ ಅದನ್ನೇ ನಂಬಿದೆ.

ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ರೆಕ್ಕೆಗೆ ಹತ್ತಿಯ ತೆಳುಬಟ್ಟೆ ಹೊದಿಸಿದ್ದರು. ನಮ್ಮ ಬೆಂಗಳೂರಿನ ಹಿಂದುಸ್ಥಾನ ಕಾರ್ಖಾನೆಯಲ್ಲಿ ಹುಟ್ಟಿ 1958ರಲ್ಲಿ ಮೊದಲು ಹಾರಿದ ‘ಪುಷ್ಪಕ’ವೂ ಬಟ್ಟೆಯ ಹೊದಿಕೆಯದೇ, ಹಾರಾಟದ ಸಂಘಗಳಲ್ಲಿ ಅನೇಕರು ಅದರ ಮೇಲೆ ಕಲಿತರು. ಮಾದರಿಗಳನ್ನು ಮಾಡುವವರು ಮೊದಲು ತೆಳು ಕಾಗದವನ್ನೋ ರೇಷ್ಮೆಯನ್ನೋ ಅಂಟಿಸಿ, ಮೇಲೆ ಘಾಟುವಾಸನೆಯ ಮೆರುಗೆಣ್ಣೆ ಬಳಿದು ಬಿಗಿಗೊಳಿಸುತ್ತಿದ್ದರು. ಅದು ಬೇಗ ಉರಿಯುವ ವಸ್ತು. ಮನೆಯೊಳಗಿನ ಕೆಲಸಕ್ಕೆ ಒಪ್ಪುವಂಥದಲ್ಲ. 1960ರ ದಶಕದಲ್ಲಿ ಅಮೆರಿಕೆಯಲ್ಲಿ ಇಸ್ತ್ರಿಯಿಂದ ಅಂಟಿಸುವ ಹಾಳೆ ಬಳಕೆಗೆ ಬಂದಮೇಲೆ ಈ ತೊಡಕು ತಪ್ಪಿತು.

ಈ ಹಾಳೆಯು ಹೆಚ್ಚಾಗಿ ಪಾಲಿಯೆಸ್ಟರಿನದು. ಒಂದು ಮೈಗೆ ಬಣ್ಣವೂ ಅಂಟೂ ಇರುತ್ತವೆ. ಅಂಟಿಗೆ ಒಂದು ತೆಳುವಾದ ಕಾಪುಹಾಳೆಯಿರುತ್ತದೆ. ಇದಕ್ಕೆ ಎರಡು ಗುಣಗಳು: ಮಂದ ಕಾವಿಗೆ ಅಂಟು ಕರಗಿ ಕಟ್ಟಿಗೆಯನ್ನು ಹಿಡಿಯುತ್ತದೆ, ಹೆಚ್ಚು ಕಾವಿಗೆ ಹಾಳೆಯು ಸಂಕೋಚಗೊಂಡು ಬಿಗಿಯಾಗುತ್ತದೆ. ಇವೆರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಮಾಡುವದೇ ಈ ಕೆಲಸದ ಜಾಣತನ. ಸಾಮಾನ್ಯ ಹಾಳೆಯ ಅಂಟು ಸುಮಾರು 100ರಿಂದ 110 ಡಿಗ್ರಿ ಸೆಲ್ಸಿಯಸ್ ಕಾವಿಗೆ ಹಿಡಿಯುತ್ತದೆ. ಬಿಗಿಯಲು ಸುಮಾರು 150 ಡಿಗ್ರಿ ಬೇಕು. ಮನೆಯ ವಿದ್ಯುತ್ ಇಸ್ತ್ರಿಪೆಟ್ಟಿಗೆಯ ಒಂದು ಚುಕ್ಕೆಯ ಗುರುತು ಸುಮಾರು 110, ಎರಡು ಚುಕ್ಕೆಯದು 150, ಮೂರು ಚುಕ್ಕೆಯದು 200 ಡಿಗ್ರಿಯೆಂದು ತಿಳಿಯಬಹುದು. ಆದುದರಿಂದ ಮೊದಲ ಎರಡೇ ಗುರುತುಗಳು ನಮಗೆ ಸಾಕು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಕಾವು ಬೇರೆಯಾಗುವದರಿಂದ ಮೊದಲು ಒಂದು ತುಣುಕಿನ ಮೇಲೆ ಪರೀಕ್ಷಿಸತಕ್ಕದ್ದು. ಹಾಳೆಯ ಜೊತೆಗೆ ಬಂದ ಸೂಚನೆಯಲ್ಲಿ ಬೇರೆ ಅಂಕೆಯಿದ್ದರೆ ಅದೇ ಪ್ರಮಾಣ. ಇದ್ದಿಲಿನ ಪೆಟ್ಟಿಗೆ ಇದಕ್ಕೆ ಸಲ್ಲದು; ಅದರ ಕಾವು ನಮ್ಮ ಅಂಕೆಯಲ್ಲಿರುವದಿಲ್ಲ. ಥರ್ಮೋಕೋಲಿನ ರೆಕ್ಕೆಗೆ ಇಷ್ಟು ಕಾವು ತಗಲಿದರೆ ಅದು ಕರಗಿ ಕುಗ್ಗುವದು. ಅದಕ್ಕೆ ಕಡಿಮೆ ಕಾವಿನ ಹಾಳೆಯನ್ನೇ ತರಬೇಕು.

ಹಾಳೆ ಕೊಳ್ಳುವಾಗ ತೂಕವನ್ನು ಕೇಳಿರಿ. ಸಾಮಾನ್ಯ ಹಾಳೆ ಚದರ ಮೀಟರಿಗೆ 60ರಿಂದ 70 ಗ್ರಾಂ, ಹಗುರಾದುದು ಸುಮಾರು 35 ಗ್ರಾಂ ತೂಗುತ್ತದೆ. 1 ಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ ರೆಕ್ಕೆಯ ಎರಡೂ ಮೈ ಸೇರಿ 0.30 ಚದರ ಮೀಟರ್ ಆಯಿತು. ಭಾರದ ಹಾಳೆಯಿಂದ ಸುಮಾರು 20 ಗ್ರಾಂ, ಹಗುರಾದುದರಿಂದ ಸುಮಾರು 10 ಗ್ರಾಂ ಕೂಡುತ್ತದೆ. ಎಂಜಿನಿಲ್ಲದ ಮಾದರಿಗೆ ಈ 10 ಗ್ರಾಂ ಅಲ್ಪವಲ್ಲ. ಬಾಲದ ಕಡೆಗಂತೂ ಹಗುರಾದುದೇ ಇರಲಿ. ಅಲ್ಲಿ ಒಂದು ಗ್ರಾಂ ಕೂಡಿದರೆ ಸಮತೂಕಕ್ಕಾಗಿ ಮೂತಿಯಲ್ಲಿ ಎರಡು ಮೂರು ಗ್ರಾಂ ಇಡಬೇಕಾಗುತ್ತದೆ.

ಇನ್ನು ಕೆಲಸದ ಕ್ರಮ. ರೆಕ್ಕೆಯ ಚೌಕಟ್ಟನ್ನು ಉಪ್ಪುಕಾಗದದಿಂದ ನುಣುಪಾಗಿ ಉಜ್ಜಿ, ಧೂಳನ್ನು ಪೂರಾ ಒರೆಸಿರಿ. ಧೂಳಿದ್ದಲ್ಲಿ ಅಂಟು ಹಿಡಿಯದು. ಇಸ್ತ್ರಿಯ ಅಡಿಗೆ ಹಳೆಯ ಧೋತರದ ಅರಿವೆಯನ್ನು ಸುತ್ತಿದರೆ ಹಾಳೆಯ ಮೇಲೆ ಗೀರು ಬೀಳುವದಿಲ್ಲ. ನೀರಿನ ಹಬೆಯನ್ನು ಬಿಡಕೂಡದು. ಹಾಳೆ ಹಾರಿ ಮಡಚಿಕೊಳ್ಳದಂತೆ ಪಂಖವನ್ನು ನಿಲ್ಲಿಸಿರಿ. ಬಿಸಿ ಪೆಟ್ಟಿಗೆಯು ಚಿಕ್ಕ ಮಕ್ಕಳ ಕೈಗೆ ಹೋಗದೆ ಹಿರಿಯರ ಕೈಯಲ್ಲಿಯೇ ಇರಲಿ. ಹಾಳೆ ಹಿಡಿಯುವದು, ಕತ್ತರಿಸುವದು ಮಕ್ಕಳ ಪಾಲಿಗೆ ಬರಲಿ.

ಮೊದಲು ಕೆಳಮೈ, ಆಮೇಲೆ ಮೇಲ್ಮೈ. ಸುತ್ತಲೂ ಎರಡು ಬೆರಳಗಲ ಹೆಚ್ಚಾಗುವಂತೆ ಹಾಳೆಯನ್ನು ಕತ್ತರಿಸಿ, ಕಾಪುಹಾಳೆಯನ್ನು ಸುಲಿದು, ಅಂಟಿನ ಮೈ ಕೆಳಗಾಗಿ ರೆಕ್ಕೆಯ ಮೇಲೆ ಹಾಸಿರಿ. ಒಂದು ಚುಕ್ಕೆಯ ಕಾವಿನಿಂದ ರೆಕ್ಕೆಯ ಬುಡದಲ್ಲಿ ಒಂದು ಕಡೆ, ಅದನ್ನು ಮೆಲ್ಲಗೆ ಎಳೆದು ತುದಿಯಲ್ಲಿ ಒಂದು ಕಡೆ ಅಂಟಿಸಿರಿ. ಬಳಿಕ ಮುಂದಂಚಿನ ನಡುವೆ, ಅದಕ್ಕೆದುರಾಗಿ ಹಿಂದಂಚಿನ ನಡುವೆ. ಹೀಗೆ ಎದುರುಬದುರಾಗಿ ಮುಂದುವರಿಯತಕ್ಕದ್ದು. ಒಂದೇ ಅಂಚನ್ನು ಕೊನೆಯವರೆಗೆ ಅಂಟಿಸಿದರೆ ಸುಕ್ಕುಗಳೆಲ್ಲ ಇನ್ನೊಂದು ಅಂಚಿಗೆ ಬಂದು ಕೂಡುವವು. ರೆಕ್ಕೆಯ ಕೆಳಮೈ ಒಳಬಾಗಿದ್ದರೆ ಒಂದೊಂದು ಪಕ್ಕೆಲುಬಿಗೂ ಹಾಳೆಯನ್ನು ಈಗಲೇ ಅಂಟಿಸಬೇಕು. ಇಲ್ಲವಾದರೆ ಬಿಗಿಯುವಾಗ ಅದು ಕಿತ್ತು ಬರುವದು. ಅಂಚುಗಳು ಕೂಡಿಕೊಂಡ ಮೇಲೆ ಹೆಚ್ಚಿನ ಹಾಳೆಯನ್ನು ಹರಿತವಾದ ಅಲಗಿನಿಂದ ಕೊಯ್ಯಿರಿ. ಮೇಲಿನ ಹಾಳೆಯು ಕೆಳಗಿನದರ ಮೇಲೆ ಅರ್ಧ ಸೆಂಟಿಮೀಟರಿನಷ್ಟು ಹಾಯ್ದಿರಲಿ.

ಈ ಹಂತದಲ್ಲಿ ರೆಕ್ಕೆಯ ಮೇಲೆ ಅಲ್ಲಲ್ಲಿ ಸುಕ್ಕುಗಳು ಕಾಣುತ್ತವೆ. ಅವನ್ನು ಕಂಡು ಅವಸರಪಡಬೇಡಿರಿ. ಒಂದು ಮೈಗೆ ಮಾತ್ರ ಹಾಳೆಯಿರುವಾಗ ಅದನ್ನು ಬಿಗಿದರೆ ಚೌಕಟ್ಟು ಆ ಕಡೆಗೆ ಬಾಗುತ್ತದೆ. ಹಾಗೆ ಬಾಗಿದ್ದನ್ನು ನೆಟ್ಟಗೆ ಮಾಡುವದು ಬಲು ಪ್ರಯಾಸ. ಎರಡೂ ಮೈಗೆ ಹಾಳೆ ಕೂತ ಬಳಿಕವೇ ಪೆಟ್ಟಿಗೆಯನ್ನು ಎರಡು ಚುಕ್ಕೆಗೆ ತಿರುಗಿಸಿರಿ. ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ, ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಎಂಬಂತೆ, ಒತ್ತದೆ, ನಿಲ್ಲಿಸದೆ ಸವರುತ್ತ ಹೋಗಿರಿ. ಒಂದೇ ಕಡೆ ನಿಂತರೆ ಹಾಳೆ ತೂತು ಬೀಳುವದು. ಗಟ್ಟಿ ಹಲಗೆಯ ಮೇಲೆ ಗಾಳಿ ಸೇರಿ ಗುಳ್ಳೆ ಎದ್ದರೆ ಸೂಜಿಯಿಂದ ಚುಚ್ಚಿ ಮತ್ತೆ ಒತ್ತಿದರಾಯಿತು.

ಬಿಗಿದಾದ ಮೇಲೆ ರೆಕ್ಕೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹಿಂದಿನಿಂದ ನೋಡಿರಿ. ಒಂದು ತುದಿ ಇನ್ನೊಂದಕ್ಕಿಂತ ತಿರುಚಿದ್ದರೆ ಹಾರುವಾಗ ಒಂದು ಕಡೆಗೆ ಗಾಳಿಯ ಎತ್ತುವ ಬಲ ಹೆಚ್ಚಾಗಿ, ಮಾದರಿಯು ಸುತ್ತುತ್ತ ನೆಲಕ್ಕೆ ಬೀಳುವದು. ಪರಿಹಾರವೇನೆಂದರೆ, ಒಬ್ಬರು ತುದಿಯನ್ನು ಎದುರು ದಿಕ್ಕಿಗೆ ತುಸು ಹೆಚ್ಚಾಗಿಯೇ ತಿರುಚಿ ಹಿಡಿಯಬೇಕು. ಇನ್ನೊಬ್ಬರು ಎರಡೂ ಮೈಗೆ ಇಸ್ತ್ರಿ ಆಡಿಸಬೇಕು. ಪೂರಾ ಆರುವ ತನಕ ಕೈ ಬಿಡಕೂಡದು. ತಂದೆಮಕ್ಕಳು ಕೂಡಿಯೇ ಮಾಡತಕ್ಕ ಕೆಲಸವಿದು. ಒಬ್ಬರ ಎರಡು ಕೈಗಳು ಇದಕ್ಕೆ ಸಾಲವು.

ನಮ್ಮ ಸೀಮೆಯ ಹವೆಯನ್ನೂ ನೆನಪಿಡಬೇಕು. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವದು ವಾಡಿಕೆ. ಮಳೆಗಾಲದಲ್ಲಿ ಕಟ್ಟಿಗೆಯು ತೇವವನ್ನು ಹೀರಿ ಉಬ್ಬಿ, ಮತ್ತೆ ಒಣಗಿ ಕುಗ್ಗುತ್ತದೆ. ಇದರಿಂದ ಬಿಗಿಯಿದ್ದ ಹೊದಿಕೆಯೂ ಸಡಿಲಾಗಬಹುದು. ಮಾದರಿಯನ್ನು ತಗಡಿನ ಮಾಡಿನ ಕೆಳಗಾಗಲಿ, ಮುಚ್ಚಿದ ಮೋಟಾರಿನಲ್ಲಾಗಲಿ ಇಡಬೇಡಿರಿ. ಕಪ್ಪು, ಕಡುನೀಲಿಗಳು ಬಿಸಿಲನ್ನು ಹೆಚ್ಚು ಹೀರುವದರಿಂದ ಬಿಳಿ ಅಥವಾ ಹಳದಿಯೇ ಲೇಸು. ಹಾರಿಸುವ ಮುನ್ನ ಪ್ರತಿಸಲವೂ ತಿರುಚನ್ನು ನೋಡಿಕೊಳ್ಳಿರಿ.

ಹಾಳೆ ತರಿಸಲು ಅನುಕೂಲವಿಲ್ಲದವರು ಬಿದಿರಿನ ಚೌಕಟ್ಟಿಗೆ ತೆಳುವಾದ ಪಟದ ಕಾಗದವನ್ನು ತಿಳಿಗಂಜಿಯಿಂದ ಅಂಟಿಸಿ, ನೀರನ್ನು ಮಂಜಿನಂತೆ ಚಿಮುಕಿಸಿ ಆರಲು ಬಿಡಬಹುದು. ಆರುತ್ತ ಅದೂ ಬಿಗಿಯುವದು. ಅಲ್ಲಿಯೂ ನೇಮವೊಂದೇ: ಎರಡೂ ಮೈ ಸಮವಾಗಿ ಬಿಗಿಯಬೇಕು.

ಕೊನೆಗೆ ಪರೀಕ್ಷೆ. ಸುಗ್ಗಿ ಮುಗಿದ ಎರೆಹೊಲವು ಇದಕ್ಕೆ ಒಳ್ಳೆಯ ಬಯಲು. ಗಾಳಿ ಏಳುವದಕ್ಕೆ ಮುಂಚೆ, ಬೆಳಗಿನ ಹೊತ್ತು ಹೋಗಿರಿ. ಮಾದರಿಯನ್ನು ಮೇಲಕ್ಕೆ ಎಸೆಯದೆ, ಎದೆಮಟ್ಟದಿಂದ ನೇರವಾಗಿ ಮುಂದಕ್ಕೆ ಬಿಡಲಿ. ಒಂದೇ ಪಕ್ಕಕ್ಕೆ ವಾಲಿದರೆ ಬಾಲವನ್ನು ಬಗ್ಗಿಸಲು ಹೋಗಬೇಡಿರಿ. ಮೊದಲು ರೆಕ್ಕೆಯ ತಿರುಚನ್ನು ಹುಡುಕಿರಿ. ತಪ್ಪು ಎಲ್ಲಿದೆಯೆಂದು ತಾನೇ ಹುಡುಕಿ ತೆಗೆದು, ಎರಡನೆಯ ಸಲ ನೆಟ್ಟಗೆ ಹಾರಿಸಿದ ಹುಡುಗನು ಕಲಿತದ್ದು ಬೇರೆಲ್ಲ ಕೈಕೆಲಸಕ್ಕೂ ಒದಗುವದು.