ದುರ್ಭಿಕ್ಷದಲ್ಲಿ ಅಧಿಕ ಮಾಸ

ಬರಗಾಲದ ವರ್ಷದಲ್ಲಿ ಹನ್ನೆರಡು ತಿಂಗಳು ಕಳೆಯುವುದೇ ಕಷ್ಟ. ಅದರ ಮೇಲೆ ಹದಿಮೂರನೆಯ ತಿಂಗಳೊಂದು ಬಂದು ಕುಳಿತರೆ ಬಡವನ ಪಾಡೇನು? ಎಚ್.ಐ.ವಿ. ಸೋಂಕಿನೊಡನೆ ಬಾಳುತ್ತಿರುವವರ ದೇಹದಲ್ಲಿ ಹೆಪಟೈಟಿಸ್ ‘ಬಿ’ ಅಥವಾ ‘ಸಿ’ ವೈರಾಣುವೂ ಸೇರಿಕೊಂಡಾಗ ಒದಗುವ ಅವಸ್ಥೆಗೆ ನಮ್ಮ ಹಿರಿಯರ ಈ ಗಾದೆಗಿಂತ ಒಪ್ಪುವ ಮಾತು ಬೇರೊಂದಿಲ್ಲ.

“ಕಲಾ ಕಾಲೇಜಿನ ಸಂಚಿಕೆಯಲ್ಲಿ ವೈದ್ಯರ ವಿಷಯವೇಕೆ?” ಎಂದು ಮಿತ್ರರು ಕೇಳಬಹುದು. ನಮ್ಮ ಕಾಲೇಜಿನ ರಕ್ತದಾನ ಶಿಬಿರದಲ್ಲಿ ಹುಟ್ಟಿದ ಒಂದು ಯೋಚನೆಯೇ ಈ ಲೇಖನಕ್ಕೆ ಕಾರಣ. ದಾನವಾಗಿ ಬಂದ ಪ್ರತಿಯೊಂದು ಚೀಲ ರಕ್ತವನ್ನೂ ಐದು ರೋಗಗಳಿಗಾಗಿ ಪರೀಕ್ಷಿಸಲೇಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ. ಎಚ್.ಐ.ವಿ., ಹೆಪಟೈಟಿಸ್ ‘ಬಿ’, ‘ಸಿ’ ಇವು ಅವುಗಳಲ್ಲಿ ಮೂರು. ಮೂರನ್ನೂ ಜೊತೆಗೇ ಹುಡುಕುವುದು ಏತಕ್ಕೆ? ಮೂರೂ ಒಂದೇ ದಾರಿಯ ಪಯಣಿಗರು: ರಕ್ತ, ಸೂಜಿ, ದೈಹಿಕ ಸಂಪರ್ಕ, ತಾಯಿಯಿಂದ ಮಗು. ಒಂದು ಚೀಲ ರಕ್ತಕ್ಕೆ ನಾವು ತೋರುವ ಈ ಎಚ್ಚರವನ್ನು ಒಬ್ಬ ಮನುಷ್ಯನಿಗೂ ತೋರಬೇಡವೆ? ಎಚ್.ಐ.ವಿ. ಇದೆಯೆಂದು ತಿಳಿದ ದಿನವೇ ಉಳಿದೆರಡು ಪರೀಕ್ಷೆಗಳೂ ಆಗಬೇಕು. ಒಂದೇ ಸೂರಿನಡಿ ಚಿಕಿತ್ಸೆಯೂ ದೊರೆಯಬೇಕು. ನನ್ನ ವಾದವಿಷ್ಟೇ.

ಇದು ಅಪರೂಪದ ಸಂಗತಿಯೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಎಚ್.ಐ.ವಿ.ಯೊಡನೆ ಹೆಪಟೈಟಿಸ್ ‘ಬಿ’ ಇರುವವರು ಸುಮಾರು 27 ಲಕ್ಷ ಮಂದಿ, ‘ಸಿ’ ಇರುವವರು ಸುಮಾರು 23 ಲಕ್ಷ ಮಂದಿ. ನಮ್ಮ ದೇಶದ ಮಣಿಪುರದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದ ಯುವಕರು ಒಂದೇ ಸೂಜಿಯನ್ನು ಹಂಚಿಕೊಂಡುದರಿಂದ 1990ರ ದಶಕದಲ್ಲಿ ಎಚ್.ಐ.ವಿ. ಕಾಡುಕಿಚ್ಚಿನಂತೆ ಹಬ್ಬಿತು, ಅದೇ ಸೂಜಿಯಲ್ಲಿ ಹೆಪಟೈಟಿಸ್ ‘ಸಿ’ಯೂ ಹರಿಯಿತು. ಎಚ್.ಐ.ವಿ. ಜೊತೆಗಿದ್ದರೆ ಯಕೃತ್ತು ಬೇಗನೆ ಗಡುಸಾಗುತ್ತದೆ. ಕ್ಯಾನ್ಸರಿನ ಭಯವೂ ಹೆಚ್ಚು. ಒಂದು ರೋಗವನ್ನು ಮಾತ್ರೆಯಿಂದ ಹತೋಟಿಯಲ್ಲಿಟ್ಟವನು ಇನ್ನೊಂದರಿಂದ ಅಳಿಯುವುದು ಎಂತಹ ದುರ್ದೈವ!

ಆದರೆ ಔಷಧವಿಲ್ಲವೆಂದು ಕೈಚೆಲ್ಲುವ ಕಾಲ ಇದಲ್ಲ. 2004ರಿಂದ ಸರಕಾರವು ಎ.ಆರ್.ಟಿ. ಔಷಧಗಳನ್ನು ಉಚಿತವಾಗಿ ಕೊಡುತ್ತಿದೆ. ಇಂದು ಬಹುಮಂದಿಗೆ ದೊರೆಯುವ ಗುಳಿಗೆಯಲ್ಲಿರುವ ಟೆನೊಫೊವಿರ್ ಮತ್ತು ಲಾಮಿವುಡಿನ್ ಎಚ್.ಐ.ವಿ.ಯನ್ನಲ್ಲದೆ ಹೆಪಟೈಟಿಸ್ ‘ಬಿ’ಯನ್ನೂ ಅಡಗಿಸುತ್ತವೆ. ಹೆಪಟೈಟಿಸ್ ‘ಸಿ’ಯಂತೂ ಸಾಮಾನ್ಯವಾಗಿ ಮೂರು ತಿಂಗಳ ಗುಳಿಗೆಗಳಿಂದ ನೂರರಲ್ಲಿ ತೊಂಬತ್ತೈದು ಮಂದಿಗೆ ಪೂರ್ತಿ ಗುಣವಾಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿಯಲ್ಲಿ ಇವುಗಳ ಪರೀಕ್ಷೆ, ಚಿಕಿತ್ಸೆಗಳೂ ಉಚಿತ.

ಹಾಗಾದರೆ ಕೊರತೆ ಎಲ್ಲಿ? ಕೊರತೆಯಿರುವುದು ತಿಳಿವಳಿಕೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಲ್ಲಿ. ನಮ್ಮ ಹಳ್ಳಿಗಳಲ್ಲಿ ಕಣ್ಣು ಹಳದಿಯಾದರೆ ಸೊಪ್ಪಿನ ಔಷಧ ಕುಡಿಸುವುದು, ಕೈಗೆ ಬರೆ ಹಾಕಿಸುವುದು ಇಂದಿಗೂ ಉಂಟು. “ಈ ಔಷಧ ಮುಗಿಯುವ ತನಕ ಬೇರೆ ಗುಳಿಗೆ ಮುಟ್ಟಬೇಡ” ಎಂಬ ಪಥ್ಯವನ್ನು ಯಾರಾದರೂ ಹೇಳಿದರೆಂದಿಟ್ಟುಕೊಳ್ಳಿ. ಎಚ್.ಐ.ವಿ. ಗುಳಿಗೆಯನ್ನು ಮನೆಯವರಿಗೂ ತಿಳಿಸದೆ ನುಂಗುತ್ತಿದ್ದವನು ಅದನ್ನು ಗುಟ್ಟಾಗಿಯೇ ನಿಲ್ಲಿಸುತ್ತಾನೆ. ತನ್ನೊಳಗೆ ಹೆಪಟೈಟಿಸ್ ‘ಬಿ’ಯೂ ಇದೆಯೆಂದು ಅವನು ಬಲ್ಲನೆ? ಔಷಧದ ಕಟ್ಟು ಕಳಚಿದೊಡನೆ ಆ ವೈರಾಣು ಕೆರಳಿ ಯಕೃತ್ತಿನ ಮೇಲೆರಗಬಹುದು. ಪ್ರಾಣಕ್ಕೇ ಸಂಚಕಾರ ಬರಬಹುದು. ಮೊದಲ ದಿನವೇ ಮಾಡಿದ ಒಂದು ಪರೀಕ್ಷೆ, ಬಿಡಿಸಿ ಹೇಳಿದ ಎರಡು ಮಾತು ಅವನನ್ನು ಉಳಿಸಬಲ್ಲವು.

“ಮಾಡಿದ್ದುಣ್ಣೋ ಮಹಾರಾಯ” ಎನ್ನುವವರೂ ಇದ್ದಾರೆ. ತಾಯಿಯ ಗರ್ಭದಿಂದಲೇ ಸೋಂಕನ್ನು ಹೊತ್ತು ಬಂದ ಶಿಶು ಮಾಡಿದ್ದೇನು? ಗಂಡನಿಂದ ರೋಗ ಪಡೆದ ಗೃಹಿಣಿ ಮಾಡಿದ್ದೇನು? ತಪ್ಪು ಮಾಡಿದವನೇ ಆಗಲಿ, ಔಷಧಕ್ಕೆ ಅವನು ಅನರ್ಹನೆಂದು ತೀರ್ಪು ಕೊಡಲು ನಾವಾರು? ಎಚ್.ಐ.ವಿ. ಬಾಧಿತರನ್ನು ಆಸ್ಪತ್ರೆಯಲ್ಲಾಗಲಿ, ಶಾಲೆಯಲ್ಲಾಗಲಿ, ಉದ್ಯೋಗದಲ್ಲಾಗಲಿ ಭೇದದಿಂದ ಕಾಣಬಾರದೆಂದು 2017ರ ಕಾಯಿದೆ ವಿಧಿಸಿದೆ. ಆದರೆ ಕಾಯಿದೆಯು ನೆರೆಹೊರೆಯವರ ನಾಲಗೆಯನ್ನು ಕಟ್ಟಿಹಾಕಲಾರದು. ಆ ಸಂಯಮವನ್ನು ವಿದ್ಯಾವಂತರೆನಿಸಿಕೊಂಡ ನಾವೇ ಮೊದಲು ಕಲಿಯಬೇಕು.

ಕೊನೆಯದಾಗಿ ನಮ್ಮದೇ ಒಂದು ಮಾತು. ಹೆಪಟೈಟಿಸ್ ‘ಬಿ’ಗೆ ಲಸಿಕೆಯುಂಟು, ‘ಸಿ’ಗೆ ಇಲ್ಲ. ಸರಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಅದು ದೇಶಕ್ಕೆಲ್ಲ ವಿಸ್ತರಿಸಿದ್ದು 2011ರಲ್ಲಿ. ನಾವೋ ಅದಕ್ಕೂ ಮುಂಚೆ ಹುಟ್ಟಿದವರು! ಮೂರು ಚುಚ್ಚುಮದ್ದು ನಮಗೆ ಆಗಿದೆಯೇ ಎಂದು ಈ ರಜೆಯಲ್ಲಿ ಊರಿಗೆ ಹೋದಾಗ ಹೆತ್ತವರನ್ನು ಕೇಳೋಣ. ಆಗಿಲ್ಲವಾದರೆ ವೈದ್ಯರನ್ನು ಕಾಣೋಣ. ವಿದ್ಯಾರ್ಥಿನಿಲಯದಲ್ಲಿ ಗೆಳೆಯನೊಬ್ಬ ದಿನವೂ ಒಂದು ಗುಳಿಗೆ ನುಂಗುವುದನ್ನು ಕಂಡರೆ ಪಿಸುಗುಟ್ಟದಿರೋಣ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ರೋಗಿಯ ಕಾಮಾಲೆಗೆ ಆಸ್ಪತ್ರೆಯಲ್ಲಿ ಔಷಧವಿದೆ. ನೋಡುವವರ ಕಾಮಾಲೆಗೆ ಔಷಧವನ್ನು ನಾವೇ ಹುಡುಕಿಕೊಳ್ಳಬೇಕು.