ತೇವವನ್ನಳೆಯುವ ಉಪಕರಣವನ್ನು ಕೊಳ್ಳುವ ಮುನ್ನ

ಹೊಲದ ತೇವವನ್ನಳೆದು ಪಂಪನ್ನು ತಾನಾಗಿ ನಡೆಸುವ ವಿದ್ಯುತ್ ಉಪಕರಣಗಳು ಈಗ ಪೇಟೆಗಳಲ್ಲಿ ದೊರೆಯುತ್ತಿವೆ. ಇವುಗಳಿಗೆ ಹಣ ಹೂಡಲೆಣಿಸುವ ಗ್ರಾಮದ ಮುಖಂಡರೂ ಜಮೀನುದಾರರೂ ಬೆಲೆಯನ್ನು ವಿಚಾರಿಸುವರೇ ಹೊರತು, ಒಳಗಿರುವ ಚಿಪ್ ಯಾವ ಬಗೆಯದೆಂದು ಕೇಳುವುದು ಅಪೂರ್ವ. ಕೇಳಲೇಬೇಕೆಂಬುದು ನಮ್ಮ ಅಭಿಪ್ರಾಯ.

ಕಾರಣವು ಮಣ್ಣಿನಲ್ಲಿಯೇ ಇದೆ. ಇಂತಹ ಅನೇಕ ಉಪಕರಣಗಳು ಮಣ್ಣು ವಿದ್ಯುತ್ತನ್ನು ಹಿಡಿದಿಡುವ ಶಕ್ತಿಯನ್ನು ಅಳೆಯುತ್ತವೆ. ಈ ಗುಣದ ಅಂಕವು ನೀರಿಗೆ ಸುಮಾರು 80, ಒಣಮಣ್ಣಿಗೆ 3ರಿಂದ 5. ಈ ಅಂತರದಿಂದಲೇ ತೇವವು ಗೊತ್ತಾಗುವುದು. ಆದರೆ ಜೇಡಿಯೂ ಲವಣವೂ ಹೆಚ್ಚಾದೆಡೆ ಲೆಕ್ಕ ಕೆಡುತ್ತದೆ. ಕೋಲಾರದ ಕೆಂಪುಮಣ್ಣಿಗೆ ಹೊಂದಿಸಿದ ಉಪಕರಣವು ಧಾರವಾಡದ ಎರೆಭೂಮಿಯಲ್ಲಿ ತಪ್ಪು ಹೇಳಿದರೆ ಆಶ್ಚರ್ಯವಿಲ್ಲ; ಆ ತಪ್ಪಿನಿಂದ ಪೈರು ಬಾಡಬಹುದು, ಇಲ್ಲವೆ ಬೇರು ಕೊಳೆಯಬಹುದು.

ಅಂಕಿಗಳನ್ನು ತಿದ್ದುವುದಷ್ಟೇ ಆದರೆ ಸಾಧಾರಣ ಚಿಪ್ಪಿನಲ್ಲಿಯೂ ಸಾಧ್ಯ. ಸಂಕೇತವೇ ಕ್ಷೀಣವಾಗಿಯೋ ಕಲಬೆರಕೆಯಾಗಿಯೋ ಬಂದಾಗ ಅದನ್ನು ಹಿಗ್ಗಿಸುವ ಮತ್ತು ಸೋಸುವ ಅಂಗಗಳನ್ನೇ ಮಾರ್ಪಡಿಸಬೇಕಾಗುವುದು. ಅವು ಬಿಡಿಬಿಡಿಯಾಗಿ ಬೆಸುಗೆಗೊಂಡಿದ್ದರೆ ಹಲಗೆಯನ್ನೇ ಬದಲಿಸದೆ ಗತಿಯಿಲ್ಲ.

ಅಮೆರಿಕದ ಸೈಪ್ರೆಸ್ ಕಂಪನಿಯು 2002ರ ಸುಮಾರಿಗೆ ಪೇಟೆಗೆ ತಂದ ಪಿ.ಎಸ್.ಓ.ಸಿ. ಎಂಬ ಚಿಪ್ಪು ಈ ತೊಡಕನ್ನು ಬಹುಮಟ್ಟಿಗೆ ನೀಗಿತು. ಆ ವಂಶದ ಒಂದು ಮಾದರಿಯಲ್ಲಿ ಗಣಕದ ಜೊತೆಗೆ 12 ಅನಲಾಗ್ ಘಟಕಗಳೂ 8 ಡಿಜಿಟಲ್ ಘಟಕಗಳೂ ಉಂಟು. ತೋಟದಲ್ಲಿ ಒಂದು ಮಡೆಯನ್ನು ಕಟ್ಟಿ ಮತ್ತೊಂದನ್ನು ತೆಗೆದು ಅದೇ ನೀರನ್ನು ಬೇರೆ ಪಾತಿಗೆ ಹರಿಸುವಂತೆ, ಬರೆದಿಟ್ಟ ಆಜ್ಞೆಯಿಂದ ಈ ಘಟಕಗಳ ಸಂಬಂಧವನ್ನು ಬದಲಿಸಬಹುದು. ಇದೇ ಘಟಕವನ್ನು ಉಪಕರಣವು ನಡೆಯುತ್ತಿರುವಾಗಲೇ ಕಾಲವನ್ನೆಣಿಸುವುದಕ್ಕೂ, ಮರುಗಳಿಗೆಯಲ್ಲಿ ವರ್ತಮಾನವನ್ನು ಕಳುಹಿಸುವುದಕ್ಕೂ ಹೂಡಬಹುದು.

ದೋಷಗಳಿಲ್ಲವೆಂದಲ್ಲ. ಎಲ್ಲಾ ಕೆಲಸಕ್ಕೂ ಒದಗುವ ಘಟಕವು ಒಂದೇ ಕೆಲಸಕ್ಕೆಂದು ಮಾಡಿದ ಬಿಡಿಭಾಗದಷ್ಟು ನಿಖರವಾಗಿರುವುದು ಕಡಮೆ. ಇನ್ನೂ ದೊಡ್ಡ ಚಿಂತೆಯೆಂದರೆ ತಯಾರಕನು ಒಬ್ಬನೇ. 2020ರ ಏಪ್ರಿಲಿನಲ್ಲಿ ಸೈಪ್ರೆಸ್ ಕಂಪನಿಯು ಜರ್ಮನಿಯ ಇನ್ಫಿನಿಯಾನ್ ಕಂಪನಿಯ ವಶವಾಯಿತು. ಈ ಚಿಪ್ಪಿಗಾಗಿ ರಚಿಸಿದ ವಿನ್ಯಾಸವು ಮತ್ತೊಬ್ಬರ ಚಿಪ್ಪಿಗೆ ಹಾಗೆಯೇ ಹೊಂದದು. ಒಂದು ಮಾದರಿಯ ತಯಾರಿಕೆ ನಿಂತರೆ ವಿನ್ಯಾಸಕಾರನು ಮೊದಲಿನಿಂದ ತೊಡಗಬೇಕು.

ಆದಾಗ್ಯೂ ಮಣ್ಣು ಹೊಲದಿಂದ ಹೊಲಕ್ಕೆ ಬೇರೆಯಾಗುವ ನಮ್ಮ ನಾಡಿನಲ್ಲಿ ಬದಲಿಸಲಾಗುವ ಚಿಪ್ಪೇ ಮೇಲೆಂದು ತೋರುತ್ತದೆ. ಆದರೆ "ಮುಂದೆ ಬದಲಿಸಿ ಕೊಡುತ್ತೇವೆ" ಎಂಬ ಬಾಯಿಮಾತಿಗೆ ಹಣ ಕೊಡತಕ್ಕದ್ದಲ್ಲ. ಬದಲಿಸುವ ಉಪಾಯವು ಕಾರ್ಖಾನೆಯ ಗುಟ್ಟಾಗಿ ಉಳಿದರೆ ರೈತನ ಪಾಲಿಗೆ ಅದು ಬೆಸುಗೆ ಹಾಕಿದ ಹಲಗೆಗೆ ಸಮಾನವೇ ಸರಿ. ಮಾರುವವನು ತಮ್ಮ ಹೊಲದ ಮಣ್ಣನ್ನೇ ತೂಗಿ, 105 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಂದು ದಿನ ಒಣಗಿಸಿ, ಮರಳಿ ತೂಗಿ, ಬಂದ ತೇವದ ಪ್ರಮಾಣಕ್ಕೆ ಉಪಕರಣವನ್ನು ಸರಿಹೊಂದಿಸಿ ತೋರಿಸಲಿ. ಹೊಂದಾಣಿಕೆಯ ಕಡತದ ಪ್ರತಿಯೊಂದು ಊರಿನ ಸಹಕಾರ ಸಂಘದಲ್ಲಿರಲಿ. ಇದಕ್ಕೆ ಅವನು ಒಪ್ಪದಿದ್ದರೆ, ಹೆಚ್ಚಿನ ಬೆಲೆ ತೆರದೆ ಸಾಧಾರಣ ಉಪಕರಣವನ್ನೇ ಕೊಳ್ಳುವುದು ಲೇಸು.